ನನ್ನ ಹಿಂದೆ ನೀರಿಗೆ ಹಾರಿದವನು

ನಾನು ಓಡುತ್ತಿದ್ದ ಓಟದ ಹೆಸರು ಸ್ಟೀಪಲ್‌ಚೇಸ್. ನಮ್ಮ ಕಡೆ ಆ ಹೆಸರು ಯಾರ ನಾಲಿಗೆಯ ಮೇಲೂ ಸರಿಯಾಗಿ ಕೂರುತ್ತಿರಲಿಲ್ಲ. ನಮ್ಮ ಅಬ್ಬಾನದು ಶಿರಗುಪ್ಪಿ ರಸ್ತೆಯ ಮೇಲೆ ವೆಲ್ಡಿಂಗ್ ಅಂಗಡಿ. ಕಬ್ಬಿನ ಟ್ರೇಲರ್ ರಿಪೇರಿಗೆ ಬಂದವರು "ನಿಮ್ಮ ಮಗ ಏನ್ ಓಡ್ತಾನ್ರಿ?" ಎಂದು ಕೇಳಿದರೆ, ಅಬ್ಬಾ ಕೈಯಲ್ಲಿದ್ದ ಕಬ್ಬಿಣದ ಪಟ್ಟಿಯನ್ನು ಸೊಂಟದ ಮಟ್ಟಕ್ಕೆ ಅಡ್ಡ ಹಿಡಿದು ತೋರಿಸುತ್ತಿದ್ದರು.

"ಇಷ್ಟ ಎತ್ತರ ಒಂದ್ ತೊಲಿ ಅಡ್ಡ ಇಟ್ಟಿರ್ತಾರ್ರಿ. ಬ್ಯಾರೇ ಓಟದಾಗ ಕಾಲ್ ಬಡದ್ರ ಕಟ್ಟಿಗಿ ಬೀಳ್ತೈತಿ. ಇದರಾಗ ಕಟ್ಟಿಗಿ ಬೀಳಂಗಿಲ್ಲ, ಓಡಾಂವ ಬೀಳ್ತಾನ. ಅಂಥಾವು ದಾಟಕೋತ ಮೂರು ಕಿಲೋಮೀಟರ್ ಹೋಗಬೇಕು. ಸುತ್ತಿಗೊಮ್ಮೆ ತೊಲಿ ಮುಂದ ನೀರಿನ ಗುಂಡಿ ಬರ್ತೈತಿ. ತೊಲಿ ಮ್ಯಾಲ ಕಾಲಿಟ್ಟು ಅದರಾಗ ಹಾರಬೇಕು."

"ನೀರಾಗ ಯಾಕ್ರಿ?"

"ಅದನ್ನ ಆ ಆಟ ಹುಟ್ಟಿಸಿದಾವ್ರನ್ನ ಕೇಳ್ರಿ," ಎಂದು ಹೇಳಿ ಅಬ್ಬಾ ಮತ್ತೆ ಕಿಡಿ ಹಾರಿಸಲು ಕೂರುತ್ತಿದ್ದರು.

ನನಗೆ ಈ ಹುಚ್ಚು ಹಿಡಿಸಿದವನು ನನ್ನ ಗೆಳೆಯ. ಹೈಸ್ಕೂಲಿನಿಂದ ನಾವು ಒಂದೇ ಬೆಂಚು. ಅವರದು ತಲೆತಲಾಂತರದ ಒಕ್ಕಲುತನ. ಹೊಳೆಯ ದಂಡೆಗೆ ಕಬ್ಬು, ಅಥಣಿಯ ಆಚೆ ಅನಂತಪುರದ ಕಡೆ ಒಣ ನೆಲದಲ್ಲಿ ದ್ರಾಕ್ಷಿ. ಅವನಿಗೆ ಓಡಲು ಯಾರೂ ಹೇಳಿಕೊಟ್ಟಿರಲಿಲ್ಲ. ಬದುವಿನಿಂದ ಬದುವಿಗೆ, ಕಾಲುವೆಯಿಂದ ಕಾಲುವೆಗೆ ಹಾರುತ್ತಲೇ ಬೆಳೆದವನು. ಕಾಲೇಜಿನಲ್ಲಿ ಈ ಓಟದ ಹೆಸರು ಕೇಳಿದ ದಿನವೇ ಬಂದು, "ಲೇ, ನಮ್ಮ ಹೊಲದಾಗಿನ ಓಟಕ್ಕ ಒಂದ್ ಹೆಸರು ಐತೆಂತ," ಎಂದಿದ್ದ.

ಅಬ್ಬಾ ನಮಗಾಗಿ ಒಂದು ತಡೆಗೋಡೆ ಮಾಡಿಕೊಟ್ಟರು. ಮುರಿದ ಟ್ರೇಲರಿನ ಆಂಗಲ್, ಅದರ ಮೇಲೆ ಹಳೇ ಮನೆಯೊಂದರ ಸಾಗವಾನಿ ತೊಲೆ. ಅದನ್ನು ಗೆಳೆಯನ ಕಬ್ಬಿನ ಹೊಲದ ಕಾಲುವೆಯ ಅಂಚಿಗೆ ಹುಗಿದೆವು. ಬೆಳಗ್ಗೆ ಹೊಳೆಯ ಮಂಜು ಕಬ್ಬಿನ ಸಾಲುಗಳೊಳಗೆ ನುಗ್ಗಿ ಎದೆಮಟ್ಟ ನಿಂತಿರುತ್ತಿತ್ತು. ಆಳೆತ್ತರದ ಕಬ್ಬು, ನಡುವೆ ಬಂಡಿ ದಾರಿ. ನಾನು ಮುಂದೆ, ಅವನು ಹಿಂದೆ. ಅವನೇ ಹಾಗೆ ಹೇಳಿದ್ದ: "ನೀ ಮುಂದ ಓಡು. ನನಗ ಬೆನ್ನು ಹತ್ತೋದ ರೂಢಿ." ಹಿಂದಿದ್ದ ಅವನು ನನಗೆ ಕಾಣುತ್ತಿರಲಿಲ್ಲ, ಅವನ ಹೆಜ್ಜೆ ಮಾತ್ರ ಕೇಳುತ್ತಿತ್ತು. ಅವನ ಎಡಗಾಲು ನೆಲಕ್ಕೆ ಬಿದ್ದಾಗ ಆಗುತ್ತಿದ್ದ ಸದ್ದು ಬಲಗಾಲಿನದಕ್ಕಿಂತ ತೂಕದ್ದು. ವೇಗ ಏರಿಸುವಾಗ ಎತ್ತುಗಳಿಗೆ ಮಾಡುವಂತೆ ನಾಲಿಗೆಯನ್ನು ಅಂಗುಳಕ್ಕೆ ಬಡಿದು "ಚ್ಚ, ಚ್ಚ" ಎನ್ನುತ್ತಿದ್ದ. ಅದು ತನಗೆ ತಾನೇ ಹೇಳಿಕೊಳ್ಳುತ್ತಿದ್ದದ್ದು. ಆದರೆ ನನ್ನ ಕಾಲುಗಳೂ ಅದನ್ನು ಕೇಳಿ ಓಡುತ್ತಿದ್ದವು.

ಅವನು ನನಗಿಂತ ಒಳ್ಳೆಯ ಓಟಗಾರ. ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ನಾನು ಸೈನ್ಯಕ್ಕೆ ಸೇರಿದೆ, ಅಲ್ಲಿ ಓಟದ ತಂಡಕ್ಕೆ ಆಯ್ಕೆಯಾದೆ. ಮುಂದಿನ ಭರ್ತಿಗೆ ಅವನೂ ಬರುವವನಿದ್ದ. ಆ ಸಲದ ಕಬ್ಬಿನ ಹಂಗಾಮಿನಲ್ಲಿ, ಫ್ಯಾಕ್ಟರಿಯ ಅಂಗಳದಲ್ಲಿ ಹಗ್ಗ ಬಿಚ್ಚುವಾಗ ಟ್ರೇಲರಿನ ಒಂದು ಪಕ್ಕದ ಕಬ್ಬು ಪೂರಾ ಜಾರಿ ಅವನ ಬಲ ಮೊಣಕಾಲಿನ ಮೇಲೆ ಬಿತ್ತು. ಮಿರಜಿನ ಆಸ್ಪತ್ರೆಯಲ್ಲಿ ಮೊಣಕಾಲಿಗೆ ಸ್ಟೀಲಿನ ಪಟ್ಟಿ ಕೂರಿಸಿದರು. ಕಾಲು ಉಳಿಯಿತು, ಆದರೆ ಪೂರ್ತಿ ಮಡಚುತ್ತಿರಲಿಲ್ಲ. ಹೊಳೆಯ ದಂಡೆಯ ಹೊಲವನ್ನು ಅವನು ಅಣ್ಣನಿಗೆ ಬಿಟ್ಟುಕೊಟ್ಟು ಅನಂತಪುರದ ದ್ರಾಕ್ಷಿ ತೋಟಕ್ಕೆ ಹೋಗಿ ನೆಲೆಸಿದ. ಅಲ್ಲೇ ಮದುವೆಯಾಯಿತು. ಅವನ ಹೆಂಡತಿ ನನಗೆ ವೈನಿ, ಅಂದರೆ ಅತ್ತಿಗೆ; ಸಾಂಗಲಿ ಕಡೆಯವರು, ಮಾತಿನಲ್ಲಿ ಅರ್ಧ ಮರಾಠಿ. ನನ್ನನ್ನು "ಭಾವುಜಿ" ಎಂದು ಕರೆಯುತ್ತಿದ್ದರು.

ಇದೆಲ್ಲ ಆದ ಕೆಲವು ವರ್ಷಗಳ ಮೇಲೆ ಪೂರ್ವದ ಒಂದು ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಕೂಟಕ್ಕೆ ನಾನು ಆಯ್ಕೆಯಾದೆ. ಓಟದ ದಿನ ಬೆಳಗ್ಗೆ ಗೆಳೆಯ ಫೋನು ಮಾಡಿದ.

"ಎಷ್ಟೊತ್ತಿಗೈತಿ?"

"ಇಲ್ಲಿ ಸಂಜಿ. ನಿಮಗ ಮಧ್ಯಾಹ್ನ ದಾಟಿರ್ತೈತಿ."

"ಮನ್ಯಾಗ ನೆಟ್‌ವರ್ಕ್ ಬರಂಗಿಲ್ಲ. ಶೆಡ್ಡಿನ್ಯಾಗ ಕೂತು ನೋಡ್ತೀನಿ."

ಶೆಡ್ಡು ಎಂದರೆ ದ್ರಾಕ್ಷಿ ಒಣಗಿಸುವ ಶೆಡ್ಡು. ಗೋಡೆಗಳಿಲ್ಲದ ತಗಡಿನ ಸೂರಿನ ಕೆಳಗೆ ಒಂದರ ಮೇಲೊಂದು ಬಲೆಗಳ ಅಂತಸ್ತು. ಒಣದ್ರಾಕ್ಷಿಯ ಹಂಗಾಮು ಮುಗಿದು ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸವೂ ಮುಗಿದ ಕಾಲ ಅದು. ಬಳ್ಳಿಗಳನ್ನು ಕತ್ತರಿಸಿ ಬೋಳು ಮಾಡಿರುತ್ತಾರೆ, ಶೆಡ್ಡು ಖಾಲಿ ಇರುತ್ತದೆ. ಗಂಧಕದ ವಾಸನೆ ಮಾತ್ರ ಬಲೆಗಳಿಗೆ ಅಂಟಿಕೊಂಡಿರುತ್ತದೆ.

ಕ್ರೀಡಾಂಗಣ ದೊಡ್ಡದು, ಜನ ಕಡಿಮೆ. ಆ ಊರಿನ ಸೆಕೆಯಲ್ಲಿ ಗಾಳಿ ಒದ್ದೆ ಬಟ್ಟೆಯಂತೆ ಮುಖಕ್ಕೆ ಹತ್ತುತ್ತಿತ್ತು. ದೀಪಗಳನ್ನು ಬೇಗನೇ ಹಚ್ಚಿದ್ದರು. ಇನ್ನೂ ಬೆಳಕಿದ್ದುದರಿಂದ ಆ ದೀಪಗಳು ಯಾರ ನೆರಳನ್ನೂ ಹುಟ್ಟಿಸುತ್ತಿರಲಿಲ್ಲ. ಸಾಲಿನಲ್ಲಿ ನಿಂತಾಗ ಕೆಳಗೆ ನೋಡಿಕೊಂಡೆ. ನಮ್ಮ ಯಾರ ಕಾಲ ಕೆಳಗೂ ನೆರಳಿರಲಿಲ್ಲ. ಇದನ್ನು ಯಾಕೆ ಗಮನಿಸಿದೆನೋ ತಿಳಿಯದು. ಮನಸ್ಸಿಗೆ ಸಮಾಧಾನವಾಗಲಿಲ್ಲ.

ಓಟ ಶುರುವಾಯಿತು. ಆಫ್ರಿಕದಲ್ಲಿ ಹುಟ್ಟಿ ಕೊಲ್ಲಿ ದೇಶಗಳ ಪರವಾಗಿ ಓಡುವ ಇಬ್ಬರು ಮೊದಲ ಸುತ್ತಿನಲ್ಲೇ ಎಳೆದುಕೊಂಡು ಹೋದರು. ಗುಂಪು ಅವರ ಹಿಂದೆ ಉದ್ದವಾಯಿತು. ನಾನು ನಡುವೆ ಇದ್ದೆ. ಎರಡನೇ ನೀರಿನ ಗುಂಡಿಯ ಹತ್ತಿರ ಪಕ್ಕದವನ ಮೊಣಕೈ ಪಕ್ಕೆಗೆ ತಾಗಿ ನನ್ನ ಹೆಜ್ಜೆ ತಪ್ಪಿತು. ತೊಲೆಯ ಮೇಲೆ ಕಾಲು ಸರಿಯಾಗಿ ಕೂರದೆ ಗುಂಡಿಯ ಆಳದ ಕಡೆ ಬಿದ್ದೆ. ನೀರು ಎದೆಗೆ ಬಂತು. ಎದ್ದು ಹೊರಗೆ ಬರುವಷ್ಟರಲ್ಲಿ ಎಲ್ಲರೂ ಹೋಗಿದ್ದರು. ಕಡೆಯವನ ಬೆನ್ನು ತಿರುವಿನಲ್ಲಿತ್ತು.

ಹಾಗೆ ನಾನು ಎಲ್ಲರಿಗಿಂತ ಹಿಂದೆ ಉಳಿದೆ. ಅಂಥ ಹೊತ್ತಿನಲ್ಲಿ ಕ್ರೀಡಾಂಗಣ ನಿಮ್ಮನ್ನು ಮರೆತುಬಿಡುತ್ತದೆ. ಸದ್ದೆಲ್ಲ ಮುಂದಿನವರ ಜೊತೆ ಸರಿದುಹೋಗುತ್ತದೆ. ನನಗೆ ನನ್ನ ಒದ್ದೆ ಶೂಗಳ ಪಚಪಚ ಮಾತ್ರ ಕೇಳುತ್ತಿತ್ತು. ಒಂದು ತೊಲೆ ದಾಟಿದೆ, ಇನ್ನೊಂದು ದಾಟಿದೆ. ಆಗ ಬೆನ್ನ ಹಿಂದೆ ಹೆಜ್ಜೆ ಕೇಳಿದವು.

ಮೊದಲು ಪ್ರತಿಧ್ವನಿ ಎಂದುಕೊಂಡೆ. ಆದರೆ ಪ್ರತಿಧ್ವನಿ ನಮ್ಮ ಹೆಜ್ಜೆಯ ಲಯದಲ್ಲೇ ಬರಬೇಕು. ಇದು ಬೇರೆ ಲಯ. ಒಂದು ಹಗುರ, ಒಂದು ಭಾರ. ಎಡಗಾಲು ಹೆಚ್ಚು ತೂಕದ್ದು. ಸುತ್ತು ಹಿಂದೆ ಬಿದ್ದವನು ಯಾರಾದರೂ ಇರಬಹುದೇ? ಯಾರೂ ಇರಲಿಲ್ಲ. ನಾನೇ ಕಡೆಯವನು. ಮುಂದಿದ್ದವರಾದರೂ ನನ್ನನ್ನು ಸುತ್ತುಹಾಕಿ ಬರುವಷ್ಟು ದೂರ ಹೋಗಿರಲಿಲ್ಲ.

ನೀರಿನ ಗುಂಡಿ ಮತ್ತೆ ಬಂತು. ತೊಲೆ ಮೆಟ್ಟಿ ಹಾರಿದೆ, ಎಡಗಾಲು ತೆಳುನೀರಿಗೆ ಬಿತ್ತು, ಹೊರಬಂದೆ. ನನ್ನ ಹಿಂದೆ ಇನ್ನೊಮ್ಮೆ ನೀರು ಸಿಡಿದ ಸದ್ದಾಯಿತು. ಆಮೇಲೆ, ಕಿವಿಯ ಹತ್ತಿರವೇ ಎಂಬಂತೆ:

"ಚ್ಚ, ಚ್ಚ."

ಆ ಸೆಕೆಯಲ್ಲಿ, ಅಷ್ಟು ಬೆವರಿನಲ್ಲಿ, ನನಗೆ ಚಳಿಯಾಯಿತು. ಆ ದೇಶದಲ್ಲಿ ಎತ್ತಿಗೆ ಹಾಗೆ ಸದ್ದು ಮಾಡುವವರು ಯಾರಿದ್ದಾರೆ?

ನಾನು ಓಡಿದೆ. ಗೆಲ್ಲಲು ಓಡಿದೆ ಎಂದು ಆಮೇಲೆ ಎಲ್ಲರೂ ಹೇಳಿದರು. ನಿಜ ಹೇಳಬೇಕೆಂದರೆ ಹೆದರಿ ಓಡಿದೆ. ಕತ್ತಲ ಓಣಿಯಲ್ಲಿ ಹಿಂದೆ ಯಾರೋ ಬಂದಂತಾದಾಗ ಮಕ್ಕಳು ಓಡುತ್ತಾರಲ್ಲ, ಹಾಗೆ. ಒಬ್ಬನನ್ನು ದಾಟಿದೆ, ಇನ್ನೊಬ್ಬನನ್ನು ದಾಟಿದೆ. ಈಗ ಹಿಂದೆ ನಿಜವಾದ ಮನುಷ್ಯರಿದ್ದರು, ಅವರ ಏದುಸಿರು ಬೇರೆಯಾಗಿ ಕೇಳುತ್ತಿತ್ತು. ಆದರೆ ಆ ಹೆಜ್ಜೆಗಳು ಅವರಿಗೂ ನನಗೂ ನಡುವೆ, ನನ್ನ ಬೆನ್ನಿಗೇ ಇದ್ದವು. ನಾನು ಏರಿಸಿದರೆ ಅವೂ ಏರುತ್ತಿದ್ದವು.

ಕಡೆಯ ಸುತ್ತಿನ ಗಂಟೆ ಹೊಡೆಯಿತು. ಕಡೆಯ ನೀರಿನ ಗುಂಡಿ. ತೊಲೆಯ ಮೇಲೆ ಕಾಲಿಟ್ಟೆ, ಹಾರಿದೆ, ನೀರಿನಿಂದ ಹೊರಗೆ ಒಂದು ಹೆಜ್ಜೆ ಇಟ್ಟೆ. ಆಗ ಹಿಂದಿನಿಂದ ಸಿಡಿದ ನೀರು ನನ್ನ ಕುತ್ತಿಗೆಗೂ ಬೆನ್ನಿಗೂ ಬಡಿಯಿತು. ತಡೆಯಲಾಗದೆ ತಿರುಗಿ ನೋಡಿದೆ. ಓಟದಲ್ಲಿ ಹಾಗೆ ನೋಡಬಾರದು, ಆದರೂ ನೋಡಿದೆ. ಗುಂಡಿಯಲ್ಲಿ ಯಾರೂ ಇರಲಿಲ್ಲ. ನನ್ನ ಹಿಂದಿನವನು ಇನ್ನೂ ತೊಲೆಯ ಆಚೆ, ದೂರದಲ್ಲಿ ಬರುತ್ತಿದ್ದ. ಗುಂಡಿಯಲ್ಲಿ ಎರಡು ಕಡೆ ನೀರು ಅಲುಗುತ್ತಿತ್ತು.

ಪದಕ ಬರಲಿಲ್ಲ. ಆರನೆಯವನಾಗಿ ಮುಗಿಸಿದೆ. ಬಿದ್ದು ಎದ್ದವನು ತನ್ನ ಜೀವನದ ಅತ್ಯುತ್ತಮ ವೇಳೆಯಲ್ಲಿ ಓಡಿದ್ದಾನೆ ಎಂದು ನಮ್ಮ ಕೋಚ್ ಸಾಹೇಬರು ಬೆನ್ನು ತಟ್ಟಿದರು. "ಆ ಕಸುವು ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ಕೇಳಿದರು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದರು.

ವಾಸದ ಕೋಣೆಗೆ ಹೋದ ಕೂಡಲೇ ಗೆಳೆಯನಿಗೆ ಫೋನು ಮಾಡಿದೆ. ವೈನಿ ಎತ್ತಿದರು.

"ಅವರು ಮಲಗ್ಯಾರ್ರಿ."

"ಇಷ್ಟ ಲಗೂ? ಓಟ ನೋಡಿದ್ನೇನ್ರಿ?"

"ನೀವು ಊರಿಗಿ ಬರ್ರಿ ಭಾವುಜಿ. ಬಂದ ಮ್ಯಾಲ ಮಾತಾಡೋಣು," ಎಂದು ಇಟ್ಟುಬಿಟ್ಟರು.

ರಜೆ ಸಿಕ್ಕಿ ಊರಿಗೆ ಬಂದಾಗ ಅಬ್ಬಾ ಅಂಗಡಿಯ ಮುಂದೆ ಪೇಢೆ ಹಂಚುತ್ತಿದ್ದರು. ಅಲ್ಲಿಂದ ಬೈಕ್ ತೆಗೆದುಕೊಂಡು ಅಥಣಿ ದಾಟಿ ಅನಂತಪುರಕ್ಕೆ ಹೋದೆ. ಗೆಳೆಯ ಶೆಡ್ಡಿನಲ್ಲಿ ಹಗ್ಗದ ಹೊರಸಿನ ಮೇಲೆ ಕೂತಿದ್ದ. ಮುಖ ಇಳಿದಿತ್ತು. ಆದರೆ ಕಣ್ಣು, ಆ ಕಣ್ಣುಗಳನ್ನು ನಾನು ಕಬ್ಬಿನ ಹೊಲದ ದಿನಗಳ ಮೇಲೆ ನೋಡಿರಲಿಲ್ಲ. ನನ್ನನ್ನು ಕೂರಿಸಿಕೊಂಡು, ನೀರು ಕೊಟ್ಟು, ಯಾವ ಪೀಠಿಕೆಯೂ ಇಲ್ಲದೆ ಕೇಳಿದ:

"ಕಡೇ ನೀರಿನ್ಯಾಗ ಯಾಕ್ಲೇ ತಿರುಗಿ ನೋಡಿದಿ?"

ಲೋಟ ಬಾಯಿಯ ಹತ್ತಿರವೇ ನಿಂತಿತು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

"ಫೋನಿನ್ಯಾಗ ಕಾಣಿಸ್ತೇನು?"

"ಫೋನು ನೀ ಬೀಳೂದಕ್ಕಿಂತ ಮದಲ ಬಂದ್ ಆತು. ನೆಟ್‌ವರ್ಕ್ ಹೋತು."

ಮುಂದೊಂದು ದಿನ ನಾನು ಆ ಓಟದ ಚಿತ್ರೀಕರಣ ತರಿಸಿ ನೋಡಿದೆ. ಕಡೆಯ ಸುತ್ತಿನಲ್ಲಿ ಕ್ಯಾಮೆರಾ ಮುಂದಿನ ಇಬ್ಬರನ್ನು ಬಿಟ್ಟು ಅಲುಗಿಲ್ಲ. ನಾನು ಗುಂಡಿ ದಾಟಿದ್ದು, ತಿರುಗಿದ್ದು, ಯಾವುದೂ ಅದರಲ್ಲಿಲ್ಲ. ಅದನ್ನು ನೋಡುವುದಕ್ಕೆ ಒಂದೇ ಜಾಗವಿತ್ತು. ಅದು ನನ್ನ ಬೆನ್ನ ಹಿಂದೆ.

"ನಾ ಏನ್ ಮಾಡೀನಿ ಅಂತ ನಂಗೂ ಗೊತ್ತಿಲ್ಲ," ಎಂದ ಗೆಳೆಯ. ದನಿ ತಗ್ಗಿತ್ತು. "ಹೊರಸಿನ ಮ್ಯಾಲ ಅಡ್ಡಾಗಿದ್ದೆ. ನಿನ್ನ ಬೆನ್ನು ಕಾಣಾಕತ್ತು. ಅಷ್ಟ. ಮಂಜಿನ್ಯಾಗ ಕಾಣತಿತ್ತಲ್ಲ, ಹಂಗ. ಕಾಲಾಗ ನೆಲಾ ಇತ್ತೋ. ಎಷ್ಟ ವರ್ಷಾದ ಮ್ಯಾಲ ನನ್ನ ಎರಡೂ ಕಾಲಾಗ ನೆಲಾ ಇತ್ತು."

ಊಟಕ್ಕೆಂದು ಮನೆಗೆ ಹೋದಾಗ ಅಡುಗೆಮನೆಯಲ್ಲಿ ವೈನಿ ರೊಟ್ಟಿ ಬಡಿಯುತ್ತಿದ್ದರು. ನಾನು ಕೈತೊಳೆಯಲು ಹೋದಾಗ ಕರೆದು ಮಣೆ ಹಾಕಿದರು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದರು. ನಿಲ್ಲಿಸಿದರೆ ಹೇಳಲಾಗುವುದಿಲ್ಲ ಎಂಬಂತೆ.

"ಚಹಾ ತಗೊಂಡು ಹೋಗಿದ್ನಿರಿ. ಬಿಸಲು ಹಂಗ ಇತ್ತು. ಇವರು ಹೊರಸಿನ ಮ್ಯಾಲ ಅಂಗಾತ ಬಿದ್ದಿದ್ರು, ಕಣ್ಣು ತೆರದಾವ. ಫೋನು ಎದಿ ಮ್ಯಾಲ, ಕರ್ರಗ ಬಂದ್ ಆಗೈತಿ. ಕಾಲು ಎರಡೂ ಆಡಾಕತ್ತಾವ್ರಿ. ಮಡಚಲಾರದ ಕಾಲೂ ಮಡಚಾಕತ್ತೈತಿ. ಬಾಯಾಗ ಚ್ಚ, ಚ್ಚ ಅನ್ನಾಕತ್ತಾರ. ಅಹೋ, ಅಹೋ ಅಂತ ಹೊಯ್ಕೊಂಡ್ನಿ, ಗಲ್ಲಾ ಬಡದ್ನಿ. ಎಚ್ಚರಿಲ್ಲ. ಫಿಟ್ಸ್ ಅಂತ ತಿಳಕೊಂಡು ಕೈಯಾಗ ಕೀಲಿ ಹಿಡಿಸಿದ್ನಿ. ಆಮ್ಯಾಲ ಒಮ್ಮೆಲೇ ಹ್ಞಾ ಅಂತ ಮೈ ಬಿಟ್ರು."

ರೊಟ್ಟಿಯನ್ನು ಹಂಚಿಗೆ ಹಾಕಿದರು. ನೀರು ಸವರಿದರು.

"ಎಡಗಾಲಿನ ಪ್ಯಾಂಟು ಮೊಣಕಾಲ ಮಟಾ ತೊಯ್ದಿತ್ರಿ ಭಾವುಜಿ."

"ಚಹಾ ಚೆಲ್ಲಿರ್ಬೇಕ್ರಿ."

"ನೀರು. ತಣ್ಣಗಿನ ನೀರು. ಶೆಡ್ಡಿನ್ಯಾಗ ನೀರು ಎಲ್ಲೈತ್ರಿ? ಡ್ರಿಪ್ ಬಂದ್ ಇತ್ತು, ಕೊಡಾ ಸೈತ ಅಲ್ಲಿ ಇಡಂಗಿಲ್ಲ ನಾವು. ಮೂಸಿ ನೋಡಿದ್ನಿ. ನಮ್ಮ ಬೋರಿನ ನೀರಿನ ವಾಸ್ನಿ ಅಲ್ಲ. ಔಷಧಿ ಹಾಕಿದ ನೀರು. ಬ್ಲೀಚಿಂಗ್ ಪುಡಿ ವಾಸ್ನಿ."

ನೀರಿನ ಗುಂಡಿಗೆ ಹಾಕುವ ಔಷಧದ ವಾಸನೆ ನನ್ನ ಶೂಗಳಿಂದ ಇನ್ನೂ ಹೋಗಿರಲಿಲ್ಲ. ಅವು ನನ್ನ ಚೀಲದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇದ್ದವು. ಇದನ್ನು ನಾನು ವೈನಿಗೆ ಹೇಳಲಿಲ್ಲ.

"ಮಿರಜಿಗಿ ಕರಕೊಂಡು ಹೋದಿವಿ," ಎಂದರು ಅವರು. "ಡಾಕ್ಟರು ಎಲ್ಲಾ ತಪಾಸ ಮಾಡಿ ಏನೂ ಇಲ್ಲ ಅಂದ್ರು. ಕಡೀಕ ಎದಿ ಮ್ಯಾಲ ನಳಗಿ ಇಟ್ಟು, ನೀವು ದಿನಾ ಓಡ್ತೀರೇನು ಅಂತ ಕೇಳಿದ್ರು. ಎದಿ ಬಡತಾ ಓಡಾವ್ರ ಗತೆ ಸಾವಕಾಶ ಐತೆಂತ. ಇವರು ನಕ್ರು. ಅವರು ನಕ್ಕದ್ದು ನಂಗ ಹೆದರಿಕಿ ಆತು." ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನೀವು ಇನ್ನ ಓಡಬ್ಯಾಡ್ರಿ. ಕೈ ಮುಗೀತೀನಿ. ಮುಂದಿನ ಸಲ ಇವರು ಹೊಳ್ಳಿ ಬರಲಿಕ್ಕರ?" ಎಂದರು.

ನಾನು ಮನೆಗೆ ಬಂದು ಅಮ್ಮಾನಿಗೆ ಮಾತ್ರ ಹೇಳಿದೆ. ಅವಳು ನಮ್ಮ ಮನೆಮಾತಿನಲ್ಲಿ, "ಪೀಛೆ ನಕ್ಕೊ ದೇಖ್ ಬೇಟಾ," ಎಂದಳು. ಹಿಂದೆ ತಿರುಗಿ ನೋಡಬೇಡ ಮಗನೇ. ಮರುದಿನ ದರ್ಗಾಕ್ಕೆ ಹೋಗಿ ಬಂದು ನನ್ನ ತೋಳಿಗೆ ದಾರ ಕಟ್ಟಿದಳು. ಅದೇ ವಾರ ಗೆಳೆಯನ ಅವ್ವ ಚಿಂಚಲಿಗೆ ಹೋಗಿ ಮಾಯಕ್ಕನಿಗೆ ಉಡಿ ತುಂಬಿ ಬಂದರು. ದೇವಿಯ ಅರಿಸಿನ ಭಂಡಾರದ ಒಂದು ಪುಡಿಕೆಯನ್ನು ನನಗೂ ಕಳಿಸಿದ್ದರು. ಅಮ್ಮಾ ಅದನ್ನು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟಳು. ಎರಡು ಮನೆಯವರೂ ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ.

ಕಷ್ಟ ಬಂದದ್ದು ಗೆಳೆಯನಿಂದ. ನಾನು ಓಡುವುದನ್ನು ಬಿಡುತ್ತೇನೆ ಎಂದು ಹೇಳಲು ಹೋದರೆ ಅವನು ಮೊದಲೇ ಕೇಳಿದ:

"ಮತ್ತ ಯಾವಾಗೈತಿ?"

"ಏನು?"

"ಓಟ. ಮುಂದಿನ ಓಟ."

ರಾಷ್ಟ್ರೀಯ ಕೂಟ ಕೆಲವು ತಿಂಗಳಲ್ಲಿತ್ತು. ಹೇಳಬಾರದೆಂದುಕೊಂಡಿದ್ದರೂ ಹೇಳಿದೆ. ವೈನಿ ಪಟ್ಟ ಭಯವನ್ನೂ ಹೇಳಿದೆ. ಅವನು ಸ್ಟೀಲಿನ ಪಟ್ಟಿ ಕೂರಿಸಿದ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದು, "ಅಕಿಗೇನ್ ಗೊತ್ತು," ಎಂದ. "ನೀ ಓಡು. ನಂಗ ಒಮ್ಮೆ ಹೇಳಿ ಓಡು, ಅಷ್ಟ ಸಾಕು. ತಯಾರಾಗಿ ಇರ್ತೀನಿ."

ಒಂದು ಕಡೆ ವೈನಿಯ ಕಣ್ಣೀರು, ಇನ್ನೊಂದು ಕಡೆ ಇವನ ಹಸಿವು. ನಾನು ಸೈನ್ಯದವನು, ಕೂಟಕ್ಕೆ ಕಳಿಸಿದರೆ ಹೋಗಲೇಬೇಕು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜವೆಂದರೆ ನನಗೂ ಆ ಹೆಜ್ಜೆಗಳು ಬೇಕಾಗಿದ್ದವು. ಹೆದರಿಕೆ ಇತ್ತು. ಆದರೆ ಅದು ಅವನೇ ಎಂದು ತಿಳಿದ ಮೇಲೆ ಹೆದರಿಕೆಯ ಒಳಗೆ ಒಂದು ಸಂತೋಷವೂ ಸೇರಿಕೊಂಡಿತ್ತು. ನಮ್ಮ ಕಾಲುವೆಯ ದಂಡೆ ಮತ್ತೆ ಸಿಕ್ಕಂತೆ. ವೈನಿಗೆ ಫೋನು ಮಾಡಿ, ಆ ಹೊತ್ತಿನಲ್ಲಿ ಅವನ ಪಕ್ಕದಲ್ಲೇ ಕೂತಿರಿ, ಏನಾದರೂ ಹೆಚ್ಚು ಕಡಿಮೆ ಎನಿಸಿದರೆ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ ಎಂದೆ. ಅವರು ಹೂಂ ಎಂದರು. ಸಿಟ್ಟಿತ್ತು ಎಂದು ದನಿಯಲ್ಲೇ ಗೊತ್ತಾಯಿತು.

ಆ ಓಟ ಬೆಳಗಿನ ಹೊತ್ತು. ಬಿಸಿಲು ಚೊಕ್ಕವಾಗಿತ್ತು, ಎಲ್ಲರ ಕಾಲ ಕೆಳಗೂ ನೆರಳಿತ್ತು. ಶುರುವಿನಿಂದ ನಾನು ಮುಂದಿನ ಗುಂಪಿನಲ್ಲೇ ಇದ್ದೆ. ಮೊದಲ ಸುತ್ತುಗಳಲ್ಲಿ ಏನೂ ಇಲ್ಲ. ಕಿವಿ ಹಿಂದಕ್ಕೆ ಇಟ್ಟೇ ಓಡಿದೆ. ಅರ್ಧ ದಾಟಿದ ಮೇಲೆ, ನೀರಿನ ಗುಂಡಿಯಿಂದ ಹೊರಗೆ ಬರುವಾಗ, ಹಿಂದೆ ಇನ್ನೊಬ್ಬರು ಬಿದ್ದ ಸದ್ದು. ಹಗುರ, ಭಾರ. ಹಗುರ, ಭಾರ. ಆಮೇಲೆ ಆ ನಾಲಿಗೆಯ ಸದ್ದು.

"ಬಂದಿ," ಎಂದೆ, ಬಾಯಿ ಬಿಟ್ಟೇ ಅಂದೆ. ನಗು ಬಂತು. ಅಂಥ ಓಟದ ನಡುವೆ ನಕ್ಕವನು ನಾನೊಬ್ಬನೇ ಇರಬೇಕು. ಹೆಜ್ಜೆಗಳು ಹತ್ತಿರಕ್ಕೆ ಬಂದವು. ಈ ಸಲ ಓಡಿಹೋಗಬೇಕು ಅನಿಸಲಿಲ್ಲ, ಅವುಗಳ ಜೊತೆಗೆ ಓಡಬೇಕು ಅನಿಸಿತು. ಕಡೆಯ ಸುತ್ತಿನಲ್ಲಿ ಅವು ನನ್ನ ಬಲಭುಜದ ಪಕ್ಕಕ್ಕೇ ಬಂದವು. ಅಮ್ಮಾ ಹೇಳಿದಂತೆ ನಾನು ತಿರುಗಲಿಲ್ಲ. ಎರಡನೆಯವನಾಗಿ ಗೆರೆ ದಾಟಿದೆ.

ಪದಕ ಕೊರಳಲ್ಲಿರುವಾಗಲೇ ಫೋನು ಮಾಡಿದೆ. ಈ ಸಲ ಗೆಳೆಯನೇ ಎತ್ತಿದ.

"ಬಂದಿದ್ದೆಲ್ಲೋ!" ಎಂದೆ. "ಅರ್ಧ ಆದ ಮ್ಯಾಲ ಬಂದಿ, ಮಗನ. ಎಲ್ಲಿ ಹೋಗಿದ್ದಿ ಅಲ್ಲೀ ಮಟಾ?"

ಅವನ ಉಸಿರು ಕೇಳುತ್ತಿತ್ತು. ಓಡಿ ಬಂದವನ ಉಸಿರಲ್ಲ ಅದು.

"ಇಲ್ಲೋ," ಎಂದ. "ನಾ ಎಚ್ಚರಿದ್ದೆ. ಮುಂಜಾನಿಂದ ಹೊರಸಿನ ಮ್ಯಾಲ ಬಿದ್ದೀನಿ. ಹಳೇ ಶೂ ಹಾಕ್ಕೊಂಡು ಬಿದ್ದೀನಿ. ಏನೂ ಆಗಲಿಲ್ಲ. ನಿನ್ನ ಬೆನ್ನು ಕಾಣಲಿಲ್ಲ. ಇಕಿ ಪೂರಾ ಹೊತ್ತು ನನ್ನ ಕೈ ಹಿಡಕೊಂಡು ಕೂತಾಳ, ಕೇಳು ಬೇಕಾದ್ರ."

"ಚ್ಚ, ಚ್ಚ ಅಂದಿ. ನಾ ಕೇಳೀನಿ."

"ನಾ ಅನ್ನಲಿಲ್ಲ."

ನನ್ನ ಸುತ್ತ ಜನ ಕುಣಿಯುತ್ತಿದ್ದರು, ಯಾರೋ ಬೆನ್ನು ಬಡಿಯುತ್ತಿದ್ದರು. ಅವನ ಕಡೆ ತಗಡಿನ ಸೂರು ಬಿಸಿಲಿಗೆ ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು.

"ಹಂಗಾರ ಯಾರ್ಲೇ?" ಎಂದ ಅವನು.

ಮೊದಲ ಸಲ ಅವನೇ ಬಂದಿದ್ದ, ಅದರಲ್ಲಿ ನನಗೆ ಸಂಶಯವಿಲ್ಲ. ವೈನಿ ಮೂಸಿ ನೋಡಿದ ನೀರಿಗೆ ಬೇರೆ ಅರ್ಥವಿಲ್ಲ. ಎರಡನೇ ಸಲ ಅವನ ಹೆಜ್ಜೆಯನ್ನು, ಅವನ ನಾಲಿಗೆಯ ಸದ್ದನ್ನು ತೊಟ್ಟುಕೊಂಡು ಬಂದದ್ದು ಏನು? ಅದರ ಜೊತೆ ನಾನು ನಗುತ್ತ ಓಡಿದ್ದೆ. ಪಕ್ಕಕ್ಕೆ ಬರಗೊಟ್ಟಿದ್ದೆ. ತಿರುಗಿ ನೋಡಿದ್ದರೆ ಏನು ಕಾಣುತ್ತಿತ್ತು?

ನಾನು ಸ್ಟೀಪಲ್‌ಚೇಸ್ ಬಿಟ್ಟೆ. ಪಕ್ಕೆ ನೋವೆಂದು ಬರೆದುಕೊಟ್ಟೆ, ಸಾಹೇಬರು ನಂಬಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಈಗ ಹೊಸದಾಗಿ ಸೇರಿದ ಸೈನಿಕರಿಗೆ ಓಟ ಕಲಿಸುತ್ತೇನೆ, ಸೀಟಿ ಊದುತ್ತ ನಿಂತಿರುತ್ತೇನೆ. ಗೆಳೆಯ ಆ ಫೋನಿನ ಮೇಲೆ ಕೆಲವು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟಲ್ಲ ಅದು. ತನ್ನದೆಂದುಕೊಂಡ ಒಂದೇ ಒಂದು ಓಟವೂ ತನ್ನದು ಹೌದೋ ಅಲ್ಲವೋ ಎಂಬ ಸಂಶಯ ಅವನನ್ನು ತಿನ್ನುತ್ತಿತ್ತು. ಆಮೇಲೆ ಮಗಳು ಹುಟ್ಟಿದಳು, ಅವನು ಮೊದಲಿನಂತಾದ. ವೈನಿ ನನ್ನೊಂದಿಗೆ ಮತ್ತೆ ನಗುತ್ತ ಮಾತಾಡತೊಡಗಿದರು.

ಈ ವರ್ಷ ಒಣದ್ರಾಕ್ಷಿಯ ಹಂಗಾಮಿನಲ್ಲಿ ರಜೆಗೆ ಹೋಗಿದ್ದೆ. ಶೆಡ್ಡಿನ ಬಲೆಗಳ ತುಂಬ ಹಸಿರು ದ್ರಾಕ್ಷಿ, ಕೆಲವು ಅಂತಸ್ತಿನಲ್ಲಿ ಆಗಲೇ ಹಳದಿಗೆ ತಿರುಗುತ್ತಿದ್ದವು. ಕೆಲಸದ ಹೆಂಗಸರು ಊಟಕ್ಕೆ ಹೋಗಿದ್ದರು. ನಾವಿಬ್ಬರು ಬಲೆಗಳ ನಡುವೆ ಕೂತಿದ್ದೆವು. ಅವನು ಒಂದು ಹಿಡಿ ದ್ರಾಕ್ಷಿ ನನ್ನ ಕೈಗೆ ಹಾಕಿ, ಬೇರೆ ಏನನ್ನೋ ಕೇಳುವವನಂತೆ ಕೇಳಿದ:

"ಈಗ ಕೇಳ್ತೈತೇನು?"

"ನಾ ಓಡೋದ ಬಿಟ್ಟೀನಲ್ಲ."

"ಓಡೋದಲ್ಲ. ನಡಿವಾಗ?"

ನಾನು ದ್ರಾಕ್ಷಿ ತಿನ್ನುತ್ತ ಕೂತೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದು, ಆಮೇಲೆ ನೆಲಕ್ಕೆ ಕೈಯೂರಿ ಎದ್ದ. "ಏಳು. ಚಹಾ ಆಗಿರ್ತೈತಿ."

ಶೆಡ್ಡಿನಿಂದ ಮನೆಗೆ ಟ್ರ್ಯಾಕ್ಟರ್ ಹೋಗುವಷ್ಟು ಅಗಲದ ದಾರಿ. ನಾವು ಅಕ್ಕಪಕ್ಕ ನಡೆದೆವು. ಕೆಂಪು ಮಣ್ಣು ಸುಡುತ್ತಿತ್ತು. ಇಬ್ಬರೂ ಒಬ್ಬರಿಗಿಂತ ಒಬ್ಬರು ಹಿಂದೆ ಬೀಳದಂತೆ ನೋಡಿಕೊಳ್ಳುತ್ತಿದ್ದೇವೆ ಎಂದು ಅರ್ಧ ದಾರಿಯಲ್ಲಿ ನನಗೆ ಗೊತ್ತಾಯಿತು. ಅವನಿಗೂ ಗೊತ್ತಾಗಿರಬೇಕು. ವೈನಿ ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಮ್ಮನ್ನು ನೋಡಿ ನಕ್ಕರು. ಮತ್ತೆ ನಮ್ಮಿಬ್ಬರ ನಡುವಿನಿಂದ ನಮ್ಮ ಹಿಂದಿನ ದಾರಿಯ ಕಡೆ ಒಂದು ಕ್ಷಣ ನೋಡಿದರು. ನಗು ನಿಂತಿತು.

"ಬರ್ರಿ, ಲಗೂ ಒಳಗ ಬರ್ರಿ," ಎಂದರು.

ಹೊರಗೆ ಮಧ್ಯಾಹ್ನದ ಬಿಸಿಲು ಉರಿಯುತ್ತಿತ್ತು, ಗಾಳಿಗೆಂದು ಮನೆಯ ಬಾಗಿಲು ಕಿಟಕಿಗಳೆಲ್ಲ ತೆರೆದಿದ್ದವು. ನಾವು ಹೊಸ್ತಿಲು ದಾಟಿದ ಕೂಡಲೇ ಅವರು ಬಾಗಿಲು ಮುಂದೆ ಮಾಡಿ ಅಗುಳಿ ಹಾಕಿದರು.